ಬೆರಳುದ್ದದ ಹಕ್ಕಿ, ಕೈಯಲ್ಲೇ ಕ್ಯಾಮೆರಾ: ಚಿತ್ರ ಷೇಕ್ ಆಗದಿರಲು ಏನು ಮಾಡಬೇಕು?

ಮೂಡಿಗೆರೆ: ಹಕ್ಕಿ ಫೋಟೋ ತೆಗೆಯೋಕೆ ಕಾಡಿಗೇ ಹೋಗಬೇಕು ಅಂದುಕೊಂಡವರು ಮೊದಲು ಅಂಗಡಿ ಎದುರಿನ ಗಸಗಸೆ ಹಣ್ಣಿನ ಮರ ನೋಡಬೇಕು. ಬೆಳಗ್ಗೆ ಷಟರ್ ಎತ್ತುವ ಹೊತ್ತಿಗೆ ಅಲ್ಲಿ 'ಚಿಕ್ ಚಿಕ್' ಎನ್ನುತ್ತಾ ಕೊಂಬೆಯಿಂದ ಕೊಂಬೆಗೆ ಹಾರುವ ಬದನಿಕೆ ಹಕ್ಕಿ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಉದ್ದ ಸುಮಾರು 8 ಸೆಂ.ಮೀ. ಅಷ್ಟೇ. ಕಾಫಿ ತೋಟದ ಹಾಲುವಾಣ ಹೂ ಬಿಟ್ಟರೆ ಸೂರಕ್ಕಿಗಳೂ ಬರುತ್ತವೆ. ಅವು ಅದಕ್ಕಿಂತ ಸ್ವಲ್ಪ ದೊಡ್ಡವು, ಸುಮಾರು 10 ಸೆಂ.ಮೀ.

ಇಂಥ ಹಕ್ಕಿಗಳು ಒಂದು ಕಡೆ ಕೂರೋದು ಎರಡು ಮೂರು ಸೆಕೆಂಡ್. ಟ್ರೈಪಾಡ್ ಬಿಡಿಸುವಷ್ಟರಲ್ಲಿ ಇನ್ನೊಂದು ಮರದಲ್ಲಿರುತ್ತವೆ. ಹಾಗಾಗಿ ಕ್ಯಾಮೆರಾ ಕೈಯಲ್ಲೇ ಇರಬೇಕು. ಕೈಯಲ್ಲಿ ಹಿಡಿದರೆ ಚಿತ್ರ ಷೇಕ್ ಆಗುತ್ತೆ ಅನ್ನೋದೇ ಎಲ್ಲರ ದೂರು.

ಇದಕ್ಕೆ ಹಳೇ ಲೆಕ್ಕ ಒಂದಿದೆ. ಲೆನ್ಸ್ 300 ಎಂ.ಎಂ. ಇದ್ದರೆ ಷಟರ್ ವೇಗ ಕನಿಷ್ಠ 1/300 ಸೆಕೆಂಡ್ ಇರಬೇಕು. ಹೆಚ್ಚಿನವರ ಬಳಿ ಇರುವ ಚಿಕ್ಕ ಸೆನ್ಸರ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಅದೇ ಲೆನ್ಸ್ 450ರಂತೆ ಕೆಲಸ ಮಾಡೋದರಿಂದ 1/500 ಅಂತಿಟ್ಟುಕೊಳ್ಳಿ. ಆದರೆ ಇದು ನಮ್ಮ ಕೈ ನಡುಕದ ಲೆಕ್ಕ ಮಾತ್ರ. ಹಕ್ಕಿಯೂ ಅಲುಗುತ್ತಿರುತ್ತಲ್ಲ? ಕೂತಲ್ಲೇ ಕುಪ್ಪಳಿಸುವ ಹಕ್ಕಿಗೆ 1/1000ರಿಂದ 1/1600, ಹಾರುವಾಗ 1/2000ಕ್ಕೂ ಮೇಲೆ ಬೇಕು. ಲೆನ್ಸಿನಲ್ಲಿರುವ ಸ್ಟೆಬಿಲೈಸರ್ ಕೈ ನಡುಕವನ್ನು ತಡೆದೀತೇ ಹೊರತು ಹಕ್ಕಿಯ ಚಡಪಡಿಕೆಯನ್ನಲ್ಲ.

ಷಟರ್ ವೇಗ ಏರಿಸಿದರೆ ಬೆಳಕು ಸಾಲದು. ಸಿಲ್ವರ್ ಓಕ್ ನೆರಳಿನಲ್ಲಂತೂ ಐಎಸ್‌ಒ 1600, 3200ಕ್ಕೆ ಏರಲೇಬೇಕು. ಚಿತ್ರದಲ್ಲಿ ಕಾಳು ಕಾಣುತ್ತೆ ಅಂತ ಬಹಳ ಜನ ಹೆದರಿ 400ರಲ್ಲೇ ಉಳೀತಾರೆ. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬಹುದು, ಅನ್ನ ಮುದ್ದೆಯಾದರೆ ಏನು ಮಾಡೋಕಾಗುತ್ತೆ? ಕಾಳನ್ನು ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು, ಷೇಕ್ ಆದ ಚಿತ್ರ ಸರಿಯಾಗಲ್ಲ. ಮ್ಯಾನುಯಲ್ ಮೋಡ್‌ನಲ್ಲಿ ಷಟರ್ ವೇಗವನ್ನು ನಾವೇ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ ಮಾತ್ರ ಆಟೋಗೆ ಬಿಡೋದು ಸುಲಭದ ದಾರಿ. ಫೋಕಸ್‌ಗೆ ಒಂದೇ ಚುಕ್ಕೆ ಆರಿಸಿ, ಅದನ್ನು ಹಕ್ಕಿಯ ಕಣ್ಣಿನ ಮೇಲಿಡಿ. ಎಲ್ಲ ಚುಕ್ಕೆ ಬಿಟ್ಟರೆ ಕ್ಯಾಮೆರಾ ಮುಂದಿನ ಎಲೆಯನ್ನೇ ಹಿಡಿಯುತ್ತೆ.

ಇನ್ನು ಹಿಡಿಯೋ ರೀತಿ. ಎಡ ಅಂಗೈ ಲೆನ್ಸಿನ ಕೆಳಗಿರಲಿ, ಎರಡೂ ಮೊಣಕೈ ಪಕ್ಕೆಗೆ ಒತ್ತಿರಲಿ. ಗೋಡೆ, ಜೀಪು, ನೆರಳಿನ ಮರ, ಏನು ಸಿಕ್ಕರೂ ಒರಗಿಕೊಳ್ಳಿ. ಉಸಿರು ಅರ್ಧ ಬಿಟ್ಟು ಗುಂಡಿ ಒತ್ತಿ, ನಾಲ್ಕೈದು ಚಿತ್ರ ಒಟ್ಟಿಗೇ ಬರಲಿ. ಇದೇ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ, ತೊಳೆಸುವವರೆಗೂ ಏನು ಬಂತೋ ಗೊತ್ತಿಲ್ಲ. ಈಗ ಆ ಖರ್ಚಿನ ಭಯ ಇಲ್ಲ.

ಹಕ್ಕಿಯ ಹಿಂದೆ ಓಡಬೇಡಿ. ಹಣ್ಣಾದ ಕೊಂಬೆ ನೋಡಿಕೊಂಡು, ಸೂರ್ಯ ಬೆನ್ನಿಗಿರುವಂತೆ ನಿಂತರೆ ಅದು ತಿರುಗಿ ಅಲ್ಲಿಗೇ ಬರುತ್ತೆ. ಅಂಗಡಿ ಮೇಲೆ ಮಹಡಿ ಇದ್ದವರಿಗೆ ಅದೃಷ್ಟ, ಹಕ್ಕಿಯ ಕಣ್ಣಿನ ಮಟ್ಟಕ್ಕೇ ಸಿಗುತ್ತೆ.

ಆದರೂ ಹತ್ತಿರ ಹೋಗೋ ಆಸೆ ಬಿಡಲ್ಲ. ಕಾರಣ ಇದೆ: 300 ಎಂ.ಎಂ. ಲೆನ್ಸಿನಲ್ಲಿ 5 ಮೀಟರ್ ದೂರದ ಬದನಿಕೆ ಹಕ್ಕಿ ಚಿತ್ರದ ಅಗಲದ ಐದನೇ ಒಂದು ಭಾಗವಷ್ಟೇ ಕಾಣುತ್ತೆ, 10 ಮೀಟರ್ ಆದರೆ ಹತ್ತನೇ ಒಂದು. ಈ ಆಸೆಯೇ ಜನರನ್ನು ಗೂಡಿನ ಬಳಿ ಕರೆದೊಯ್ಯೋದು. ಹಕ್ಕಿ ಅಲ್ಲಿಗೆ ಬಂದೇ ಬರುತ್ತಲ್ಲ!

ಸೂರಕ್ಕಿ ಜಗಲಿಯ ವೈರಿಗೂ, ಅಂಗಡಿ ಮುಂದಿನ ಬಳ್ಳಿಗೂ ಜೇಡರ ಬಲೆ ನೇಯ್ದು ಗೂಡು ತೂಗುಹಾಕುತ್ತೆ. ಎದುರಿಗೆ ಮೊಬೈಲ್ ಹಿಡಿದು ನಿಂತಷ್ಟು ಹೊತ್ತೂ ತಾಯಿ ದೂರದಲ್ಲೇ ಚಡಪಡಿಸುತ್ತಿರುತ್ತೆ. ಮೊಟ್ಟೆ ತಣ್ಣಗಾಗುತ್ತೆ, ಮರಿ ಹಸಿದಿರುತ್ತೆ. ಚಿತ್ರಕ್ಕೆ ಅಡ್ಡ ಅಂತ ಎರಡು ಎಲೆ ಕಿತ್ತರೆ ಕಾಗೆಗೆ, ಕೆಂಬೂತಕ್ಕೆ ದಾರಿ ತೋರಿಸಿದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದೂ ಬೇಡ. ಎದುರಾಳಿ ಬಂದ ಅಂತ ಗಂಡು ಹಕ್ಕಿ ಮೇವು ಬಿಟ್ಟು ಕಾಣದ ಶತ್ರುವನ್ನು ಹುಡುಕುತ್ತಾ ಅಲೆಯುತ್ತೆ.

ಅಂಗಡಿ ಮುಂದೆ ಗೂಡು ಕಂಡರೆ ನಿಮ್ಮ ಓಡಾಟ ಎಂದಿನಂತೆ ಇರಲಿ, ಅದಕ್ಕೆ ಹಕ್ಕಿ ಹೊಂದಿಕೊಂಡೇ ಕಟ್ಟಿರುತ್ತೆ. ನಿಂತು ನೋಡೋದು, ಗಿರಾಕಿಗಳನ್ನು ಕರೆದು ತೋರಿಸೋದು ಬೇಡ. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು. ಆಮೇಲೆ ಮರಿಗಳು ಹೊರಬಂದು ಗೂಡಿನ ಸುತ್ತಮುತ್ತಲ ವೈರಿನ ಮೇಲೆ ಕೂತು ಗುಟುಕು ಕೇಳುತ್ತವೆ. ಆಗ ಕೌಂಟರಿನ ಒಳಗಿಂದಲೇ, ಬೇಕಾದಷ್ಟು ಚಿತ್ರ ತೆಗೀಬಹುದು.