ಹಳದಿ ಚೀಟಿಯ ಲೆಕ್ಕ

ಅಮೆರಿಕದ ಯಾವುದಾದರೊಂದು ಊರಿನಲ್ಲಿ ವಿದ್ಯುತ್ ಸಾಮಗ್ರಿಗಳ ಅಂಗಡಿಯನ್ನು ಹೊಕ್ಕು, ಗೋಡೆಯುದ್ದಕ್ಕೂ ಸಾಲಾಗಿ ಹೊಳೆಯುತ್ತಿರುವ ಟೆಲಿವಿಷನ್ನುಗಳ ಮುಂದೆ ಒಂದು ನಿಮಿಷ ನಿಂತವನಿಗೆ, ಒಂದೊಂದರ ಮುಖದ ಮೇಲೂ ಕಪ್ಪಕ್ಷರದ ಹಳದಿ ಚೀಟಿಯೊಂದು, ಕೆಲವೆಡೆ ಉದ್ದನೆಯ ಪಟ್ಟಿಯಾಗಿ, ಕೆಲವೆಡೆ ಮೂಲೆಗೆ ಒಪ್ಪುವ ತ್ರಿಕೋನವಾಗಿ ಅಂಟಿರುವುದು ಕಾಣದೆ ಇರದು. ‘ಎನರ್ಜಿ ಗೈಡ್’ ಎಂಬುದು ಅದರ ಹೆಸರು. ಅದರ ನಡುವೆ ದೊಡ್ಡ ಅಂಕಿಗಳಲ್ಲಿ ಇಷ್ಟು ಡಾಲರ್ ಎಂದಿರುವುದು ಆ ಟಿವಿಯ ಒಂದು ವರ್ಷದ ವಿದ್ಯುತ್ ವೆಚ್ಚದ ಅಂದಾಜು. ಅದರ ಕೆಳಗಿನ ಗೆರೆಯ ಒಂದು ತುದಿಯಲ್ಲಿ ಅದೇ ಅಳತೆಯ ಟಿವಿಗಳ ಪೈಕಿ ಅತ್ಯಲ್ಪ ವೆಚ್ಚದ್ದೂ ಇನ್ನೊಂದು ತುದಿಯಲ್ಲಿ ಅತ್ಯಧಿಕ ವೆಚ್ಚದ್ದೂ ನಿಂತಿರುತ್ತವೆ. ಇವೆಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ಯಾರೂ ಓದದ ಒಂದು ಸಾಲುಂಟು: ದಿನಕ್ಕೆ 5 ಗಂಟೆಯ ಬಳಕೆ, ಯೂನಿಟ್ಟಿಗೆ 11 ಸೆಂಟಿನ ದರ. ಮೊದಲು ಅಚ್ಚಾದ ಚೀಟಿಗಳಲ್ಲಿದ್ದ ದರ ಅದು. ಮುಂದೆ 12 ಸೆಂಟಾಯಿತು. ಈ ಅಧ್ಯಾಯವೆಲ್ಲ ಆ ಸಣ್ಣಕ್ಷರದ ಸಾಲಿನ ವ್ಯಾಖ್ಯಾನವೆಂದರೂ ಸಲ್ಲುತ್ತದೆ.

ಒಮ್ಮೆ ನನ್ನ ಉಪನ್ಯಾಸ ಮುಗಿದ ಮೇಲೆ, ಮಗನ ಮನೆಯಲ್ಲಿ ಆರು ತಿಂಗಳು ಇದ್ದು ನ್ಯೂಜೆರ್ಸಿಯಿಂದ ಆಗತಾನೆ ಮರಳಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ಮೊಬೈಲಿನಲ್ಲಿ ಇಂಥದೇ ಒಂದು ಚೀಟಿಯ ಚಿತ್ರವನ್ನು ತೋರಿಸಿ, “ಸ್ವಾಮಿ, ನಮ್ಮ ಹುಡುಗ ರಾತ್ರಿ ಅರ್ಧ ಗಂಟೆ ಟಿವಿ ನೋಡಿದರೆ ಹೆಚ್ಚು, ಅವನಿಗೆ ವರ್ಷಕ್ಕೆ ಇಪ್ಪತ್ತು ಡಾಲರ್ ಆಗುತ್ತದೆಂದು ಇವರಿಗೆ ಯಾರು ಹೇಳಿದರು?” ಎಂದು ಕೇಳಿದರು. ಪ್ರಶ್ನೆ ಕುಹಕದ್ದಾಗಿದ್ದರೂ ಸರಿಯಾದುದೇ. ಯಾರೂ ಹೇಳಿಲ್ಲ, ಹೇಳುವುದು ಚೀಟಿಯ ಉದ್ದೇಶವೂ ಅಲ್ಲ. ಅಂಗಡಿಯವನ ಸೇರು ಅಕ್ಕಿಯನ್ನು ಅಳೆಯುತ್ತದೆಯೇ ಹೊರತು ಕೊಂಡವನ ಮನೆಯಲ್ಲಿ ಎಷ್ಟು ಬಾಯಿಗಳಿವೆಯೆಂದು ವಿಚಾರಿಸುವುದಿಲ್ಲ. ಎಲ್ಲ ಟಿವಿಗಳನ್ನೂ ಒಂದೇ ಸೇರಿನಲ್ಲಿ ಅಳೆಯಲೆಂದೇ ಐದು ಗಂಟೆಯನ್ನೂ ಹನ್ನೊಂದು ಸೆಂಟನ್ನೂ ಗೊತ್ತುಮಾಡಿರುವುದು. ಇದೇ ಕಾರ್ಯಕ್ಕೆ ಆಸ್ಟ್ರೇಲಿಯದವರು ದಿನಕ್ಕೆ 10 ಗಂಟೆಯ ಸೇರನ್ನು ಇಟ್ಟುಕೊಂಡರು. ಯೂರೋಪಿನವರು 2021ರ ಮಾರ್ಚಿನಿಂದ ವರ್ಷದ ಗೊಡವೆಯನ್ನೇ ಬಿಟ್ಟು 1,000 ಗಂಟೆಗೆ ಎಷ್ಟು ಯೂನಿಟ್ ಎಂದು ಬರೆಯುತ್ತಿದ್ದಾರೆ. ಸೇರು ಬೇರೆಯಾದರೆ ಅಂಕಿಯೂ ಬೇರೆ. ಆದಕಾರಣ ಒಂದು ದೇಶದ ಚೀಟಿಯನ್ನು ಇನ್ನೊಂದು ದೇಶದ ಚೀಟಿಯೊಡನೆ ನೇರವಾಗಿ ಹೋಲಿಸಬಾರದು.

ಪರಿಭಾಷೆಯನ್ನು ಬೇಗ ಮುಗಿಸೋಣ. ವ್ಯಾಟ್ ಎಂಬುದು ವಿದ್ಯುತ್ತನ್ನು ಹೀರುವ ವೇಗ. ಯೂನಿಟ್, ಎಂದರೆ ಕಿಲೋವ್ಯಾಟ್-ಗಂಟೆ, ಹೀರಿದ ಒಟ್ಟು ಮೊತ್ತ. ನಲ್ಲಿಯ ಧಾರೆ ವ್ಯಾಟ್, ತುಂಬಿದ ಹಂಡೆ ಯೂನಿಟ್. ನೂರು ವ್ಯಾಟಿನ ಉಪಕರಣವು ಹತ್ತು ಗಂಟೆ ನಡೆದರೆ ಒಂದು ಯೂನಿಟ್ ಖರ್ಚು.

ಈಗ ಉಪಾಧ್ಯಾಯರ ಇಪ್ಪತ್ತು ಡಾಲರನ್ನು ಹಿಂದುಮುಂದಾಗಿ ಬಿಚ್ಚಿ ನೋಡಬಹುದು. ದಿನಕ್ಕೆ 5 ಗಂಟೆಯೆಂದರೆ ವರ್ಷಕ್ಕೆ 1,825 ಗಂಟೆ. ನೂರು ವ್ಯಾಟಿನ ಟಿವಿ ಅಷ್ಟು ಹೊತ್ತು ಉರಿದರೆ 182.5 ಯೂನಿಟ್, ಹನ್ನೊಂದು ಸೆಂಟಿನಂತೆ 20 ಡಾಲರಿಗೆ ಏಳೆಂಟು ಸೆಂಟು ಹೆಚ್ಚು. ಅಂದಮೇಲೆ ಒಂದು ಡಾಲರಿಗೆ ಐದು ವ್ಯಾಟ್! ಹನ್ನೊಂದು ಸೆಂಟಿನ ಚೀಟಿಯ ಡಾಲರನ್ನು ಐದರಿಂದ ಗುಣಿಸಿದೊಡನೆ ಟಿವಿಯ ವ್ಯಾಟು ಹೆಚ್ಚುಕಡಮೆ ಕೈಗೆ ಸಿಕ್ಕುತ್ತದೆ. ಕಾಕತಾಳೀಯವಾಗಿ ಒದಗಿದ ಈ ಸುಂದರ ಸೌಲಭ್ಯವನ್ನು ಮೊದಲ ಬಾರಿ ಗಮನಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹನ್ನೆರಡು ಸೆಂಟಿನ ಚೀಟಿ ಬಂದು ಲೆಕ್ಕ ನಾಲ್ಕೂವರೆಗೆ ಇಳಿದಾಗ ತುಸು ಬೇಸರವೂ ಆಯಿತು. ವ್ಯಾಟು ತಿಳಿಯಿತೆಂದರೆ ಮುಂದಿನದು ನಮ್ಮ ಕೈಯಲ್ಲಿದೆ: ನಮ್ಮ ಗಂಟೆಯಿಂದ, ನಮ್ಮ ದರದಿಂದ ಗುಣಿಸಿಕೊಂಡರೆ ಆಯಿತು. ಉಪಾಧ್ಯಾಯರ ಮಗನ ಅರ್ಧ ಗಂಟೆಗೆ ಅದೇ ದರದಲ್ಲಿ ವರ್ಷಕ್ಕೆ ಎರಡೇ ಡಾಲರ್.

ಈ ಚೀಟಿಯ ಜನನಕಥೆ ಸ್ವಲ್ಪ ಸೋಜಿಗದ್ದು. 1973ರ ತೈಲಸಂಕಟದಿಂದ ಕಂಗೆಟ್ಟ ಅಮೆರಿಕ 1975ರಲ್ಲಿ ಇಂಧನ ಸಂರಕ್ಷಣೆಯ ಶಾಸನವೊಂದನ್ನು ಮಾಡಿತು. ಅದರ ಮೇರೆಗೆ, ವ್ಯಾಪಾರದಲ್ಲಿ ಗ್ರಾಹಕರಿಗೆ ವಂಚನೆಯಾಗದಂತೆ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಚೀಟಿಯ ನಿಯಮಗಳನ್ನು ವಿಧಿಸಿತು. ರೆಫ್ರಿಜರೇಟರಿಗೆ ಚೀಟಿ ಬಂದಿತು. ಟಿವಿಗೆ ಮಾತ್ರ ವಿನಾಯಿತಿ ದೊರೆಯಿತು. ಏತಕ್ಕೆಂದರೆ, ಆ ಕಾಲದ ಗಾಜಿನ ಕೊಳವೆಯ ಟಿವಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಖರ್ಚಿನಲ್ಲಿ ಹೇಳಿಕೊಳ್ಳುವಂಥ ಭೇದವಿರಲಿಲ್ಲ. ಭೇದವಿಲ್ಲದೆಡೆಯಲ್ಲಿ ತುಲನೆಯ ಚೀಟಿಯನ್ನು ಅಂಟಿಸಿ ಫಲವೇನು? ಮೂವತ್ತು ವರ್ಷಗಳಲ್ಲಿ ಆ ಕೊಳವೆ ಮಾಯವಾಗಿ, ಪ್ಲಾಸ್ಮಾ, ಎಲ್‌ಸಿಡಿ ಮುಂತಾದ ಚಪ್ಪಟೆ ಪರದೆಗಳು ಗೋಡೆಯನ್ನೇರಿ, ಒಂದೇ ಅಳತೆಯ ಎರಡು ಟಿವಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಉಣ್ಣುವ ಕಾಲ ಬಂದಿತು. 2007ರ ಶಾಸನ ಕಮಿಷನ್ನಿಗೆ ಹೊಸ ಅಧಿಕಾರವನ್ನು ಕೊಟ್ಟಿತು. 2010ರ ಅಕ್ಟೋಬರಿನಲ್ಲಿ ನಿಯಮ ಪ್ರಕಟವಾಯಿತು. 2011ರ ಮೇ 10ರ ತರುವಾಯ ತಯಾರಾದ ಟಿವಿಗಳಿಗೆಲ್ಲ ಚೀಟಿ ಕಡ್ಡಾಯವಾಯಿತು. ಅದು ಮುಂದುಗಡೆಯಿಂದಲೇ ಕಾಣುವಂತಿರಬೇಕೆಂಬ ಕಟ್ಟಳೆಯನ್ನು ಮಾಡಿದವರು ಅಂಗಡಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ.

ಭೇದ ಎಲ್ಲಿಂದ ಬಂದಿತೆಂಬುದು ನನ್ನ ಪ್ರೀತಿಯ ಪ್ರಸಂಗ. ಇಲ್ಲಿ ವಾಚಕರು ಕೊಂಚ ತಾಳ್ಮೆಯಿಂದ ಕೂಡಬೇಕು. ಮೊದಲನೆಯದು ಗಾತ್ರದ ಮೋಸ. ಟಿವಿಯ ಅಂಗುಲವೆಂಬುದು ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಅಳತೆ. ಬೆಳಗಬೇಕಾದುದಾದರೋ ಪರದೆಯ ಇಡೀ ಕ್ಷೇತ್ರ. ಗದ್ದೆಯನ್ನು ಮೂಲೆಯಿಂದ ಮೂಲೆಗೆ ನಡೆದು ಅಳೆದವನು ಬೀಜಕ್ಕೆ ಲೆಕ್ಕ ಹಾಕಿದರೆ ಹೇಗೆ ತಪ್ಪುವನೋ ಹಾಗೆ, ನಲವತ್ತು ಅಂಗುಲದಿಂದ ಐವತ್ತೈದಕ್ಕೆ ಹೋಗುವಾಗ “ಹದಿನೈದೇ ಅಂಗುಲ ತಾನೆ” ಎನ್ನುವವನೂ ತಪ್ಪುತ್ತಾನೆ. ಅದೇ ಆಕಾರದ ಪರದೆಯ ಕ್ಷೇತ್ರ ಆ ಹದಿನೈದಂಗುಲದಲ್ಲಿ ಹತ್ತಿರ ಹತ್ತಿರ ಇಮ್ಮಡಿಯಾಗಿರುತ್ತದೆ.

ಎರಡನೆಯದು ಬೆಳಕಿನ ಪೋಲು. ಸಾಧಾರಣ ಎಲ್‌ಸಿಡಿ ಪರದೆ ತಾನಾಗಿ ಬೆಳಗುವ ವಸ್ತುವೇ ಅಲ್ಲ. ಅದರ ಬೆನ್ನಿನಲ್ಲಿ ದೀಪಗಳು, ಮೊದಲು ಸಣ್ಣ ಕೊಳವೆದೀಪಗಳು, ಈಗ ಎಲ್‌ಇಡಿಗಳು, ಎಡೆಬಿಡದೆ ಉರಿಯುತ್ತಿರುತ್ತವೆ. ಮುಂದಿರುವುದು ಲಕ್ಷಾಂತರ ಪುಟ್ಟ ಕಿಟಕಿಗಳ ಒಂದು ಗೋಡೆ. ದೀಪದ ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲಿಯೂ ತುಯ್ಯುತ್ತಿರುವುದಷ್ಟೆ? ಅವುಗಳಲ್ಲಿ ಒಂದೇ ದಿಕ್ಕಿನ ತುಯ್ತವನ್ನು ಮಾತ್ರ ಹಾಯಗೊಡುವ ಧ್ರುವಕದ ಹಾಳೆ ಮೊದಲಲ್ಲೇ ಅರ್ಧಕ್ಕೂ ಹೆಚ್ಚನ್ನು ನುಂಗುತ್ತದೆ. ಉಳಿದದ್ದು ಕೆಂಪು, ಹಸುರು, ನೀಲಿಯ ಶೋಧಕಗಳನ್ನು ದಾಟಬೇಕು. ಒಂದೊಂದು ಕಿಟಕಿಯೂ ತನ್ನ ಬಣ್ಣವೊಂದನ್ನು ಬಿಟ್ಟುಕೊಂಡು ಮಿಕ್ಕೆರಡನ್ನು ತಡೆಯುವುದರಿಂದ ಮತ್ತೆ ಮೂರರಲ್ಲಿ ಎರಡು ಪಾಲು ಹೋಯಿತು. ಕಿಟಕಿಗಳ ನಡುವಣ ತಂತಿಜಾಲದ ನೆರಳಿನಲ್ಲಿ ಇನ್ನಷ್ಟು ನಷ್ಟ. ಕಡೆಗೆ, ಹೊರಟ ಬೆಳಕಿನಲ್ಲಿ ಹತ್ತರಲ್ಲಿ ಒಂದು ಪಾಲೂ ನಮ್ಮ ಕಣ್ಣನ್ನು ಸೇರುವುದಿಲ್ಲ! ಆದುದರಿಂದಲೇ ದೀಪದ ದಕ್ಷತೆ, ಹಾಳೆಗಳ ಗುಣ, ಪರದೆಯ ಪ್ರಖರತೆ ಇವುಗಳಲ್ಲಿ ಸ್ವಲ್ಪ ಏರುಪೇರಾದರೂ ಚೀಟಿಯ ಡಾಲರ್ ಜಿಗಿಯುತ್ತದೆ. ಅಮಾವಾಸ್ಯೆಯ ಕತ್ತಲ ದೃಶ್ಯವನ್ನು ನೋಡುವಾಗ ಕರೆಂಟು ಉಳಿಯುತ್ತದೆಂದು ಭಾವಿಸುವವರೂ ಉಂಟು. ದೀಪವನ್ನು ದೃಶ್ಯಕ್ಕೆ ತಕ್ಕಂತೆ ಮಂದಮಾಡುವ ಏರ್ಪಾಡಿಲ್ಲದ ಎಲ್‌ಸಿಡಿಯಲ್ಲಿ ಹಾಗೆ ಆಗುವುದಿಲ್ಲ. ಕಿಟಕಿ ಮುಚ್ಚಿತೆಂದು ಹಿಂದಣ ದೀಪ ಆರುವುದಿಲ್ಲವಷ್ಟೆ. ಒಂದೊಂದು ಚುಕ್ಕೆಯೂ ತಾನೇ ದೀಪವಾಗಿರುವ ಓಎಲ್‌ಇಡಿಯಲ್ಲಾದರೋ ಕತ್ತಲೆ ನಿಜವಾಗಿಯೂ ಅಗ್ಗ.

ಇದರಿಂದ ಪರೀಕ್ಷೆಯ ಪ್ರಶ್ನೆ ಏಳುತ್ತದೆ. ತೋರಿಸುವ ದೃಶ್ಯದ ಮೇಲೆ ಖರ್ಚು ನಿಂತಿರುವಲ್ಲಿ ಯಾವ ದೃಶ್ಯವನ್ನು ತೋರಿಸಿ ಅಳೆಯತಕ್ಕದ್ದು? ಅಂತರರಾಷ್ಟ್ರೀಯ ಮಾನಕದಲ್ಲಿ ಇದಕ್ಕೆಂದೇ ನಾನಾ ಬಗೆಯ ಪ್ರಸಾರದ ತುಣುಕುಗಳನ್ನು ಪೋಣಿಸಿದ 10 ನಿಮಿಷದ ಒಂದು ಚಲನಚಿತ್ರವಿದೆ. ಟಿವಿಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಇಟ್ಟು ಅಳೆಯುತ್ತಾರೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದರೆ ವಿದ್ಯಾರ್ಥಿಗಳು ಏನು ಮಾಡಿಯಾರೆಂಬುದನ್ನು ನಮ್ಮ ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಚಿತ್ರದ ಬಗೆಯನ್ನು ಬಳಕೆದಾರ ಬದಲಿಸಿದೊಡನೆ ಮಿತವ್ಯಯದ ಏರ್ಪಾಡುಗಳು ಯಾವ ಎಚ್ಚರಿಕೆಯನ್ನೂ ಕೊಡದೆ ಕಳಚಿಹೋಗುವ ಟಿವಿಗಳು ಇರುವುದಾಗಿ, 2016ರಲ್ಲಿ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಎಂಬ ಪರಿಸರ ಸಂಸ್ಥೆ ವರದಿ ಮಾಡಿತು. ಅಂಗಡಿಯ ಝಗಝಗಿಸುವ ಬೆಳಕಿನಲ್ಲಿ ಎದ್ದು ಕಾಣಲೆಂದು ಟಿವಿಗಳಿಗೆ ‘ಅಂಗಡಿ’ಯ ಬಗೆಯೊಂದಿರುತ್ತದೆ, ಮನೆಗೆ ತಂದು ಮೊದಲು ಹಚ್ಚಿದಾಗ ಯಂತ್ರವೇ ‘ಮನೆಯೋ ಅಂಗಡಿಯೋ’ ಎಂದು ಕೇಳುವಾಗ ಅವಸರದಲ್ಲಿ ಗುಂಡಿ ಒತ್ತುವವರು ಚೀಟಿಯ ಅಂಕಿಯನ್ನು ಅಲ್ಲಿಗೇ ಬಿಟ್ಟಂತೆ.

ಆರಿಸಿದ ಮೇಲೂ ಟಿವಿಯ ಮುಖದಲ್ಲಿ ಉಳಿಯುವ ಕೆಂಪು ಚುಕ್ಕೆಯ ಭಯದ ಬಗ್ಗೆಯೂ ಒಂದು ಮಾತು. ರಿಮೋಟಿನಿಂದ ಆರಿಸಿದ ಟಿವಿ ಅರ್ಧ ವ್ಯಾಟಿನಷ್ಟು ಸೆಳೆಯುತ್ತಿದ್ದರೆ, ದಿನದ ಮಿಕ್ಕ 19 ಗಂಟೆಗಳ ಲೆಕ್ಕ ವರ್ಷಕ್ಕೆ ಮೂರೂವರೆ ಯೂನಿಟ್. ಗೋಡೆಯ ಸ್ವಿಚ್ಚನ್ನು ನಿಷ್ಠೆಯಿಂದ ಆರಿಸಿ, ಪರದೆಯ ಪ್ರಖರತೆಯನ್ನು ಮಾತ್ರ ತುತ್ತತುದಿಯಲ್ಲಿ ಇಟ್ಟುಕೊಂಡವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಟಿವಿಯ ಜೊತೆಗಿರುವ ಸೆಟ್‌ಟಾಪ್ ಪೆಟ್ಟಿಗೆಯ ವಿಷಯ ಬೇರೆ. ಅದು ಚೀಟಿಯ ಲೆಕ್ಕಕ್ಕೆ ಬರುವುದೇ ಇಲ್ಲ, ಆರಿಸಿದಂತೆ ತೋರಿದಾಗಲೂ ಕೆಲವು ಪೆಟ್ಟಿಗೆಗಳು ಉರಿಯುವಾಗಿನಷ್ಟೇ ಉಣ್ಣುತ್ತಿರುತ್ತವೆ.

ನಮ್ಮ ದೇಶದಲ್ಲಿ, 2001ರ ಇಂಧನ ಸಂರಕ್ಷಣ ಕಾಯಿದೆಯ ಅನ್ವಯ 2002ರಲ್ಲಿ ಸ್ಥಾಪಿತವಾದ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿಯ ನಕ್ಷತ್ರಚೀಟಿಯು ರೂಪಾಯಿಯನ್ನು ಹೇಳದೆ, ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಹೇಳಿ ಸುಮ್ಮನಾಗುತ್ತದೆ. ಇದು ಚೀಟಿಯ ಊನವೆಂದು ನನಗೆ ತೋರುವುದಿಲ್ಲ. ರಾಜ್ಯಕ್ಕೊಂದು ದರವಿರುವಲ್ಲಿ ಯಾವ ರೂಪಾಯಿಯನ್ನು ಅಚ್ಚು ಹಾಕುವುದು? ಕರ್ನಾಟಕದಲ್ಲಿಯೇ 2023ರಲ್ಲಿ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ತಿನ ಯೋಜನೆ ಬಂದ ಮೇಲೆ, ತನಗೆ ಗೊತ್ತುಪಡಿಸಿದ ಮಿತಿಯೊಳಗಿರುವ ಮನೆಗೆ ಟಿವಿಯ ಯೂನಿಟ್ಟಿನ ಬೆಲೆ ಸೊನ್ನೆ. ಅದೇ ಮನೆ ತಿಂಗಳಿಗೆ 200 ಯೂನಿಟ್ಟಿನ ಗಡಿಯನ್ನು ದಾಟಿತೆಂದರೆ ಪೂರ್ತಿ ಬಿಲ್ಲು ತಲೆಯ ಮೇಲೆ ಬರುವುದರಿಂದ, ದಾಟಿಸಿದ ಆ ಒಂದು ಯೂನಿಟ್ಟಿನ ಬೆಲೆ ನೂರಾರು ರೂಪಾಯಿ. ಚೀಟಿಯ ನಕ್ಷತ್ರಗಳಲ್ಲಿ ಎಡವುವವರು ಮಾತ್ರ ಅನೇಕರು. ನಕ್ಷತ್ರವು ಪರದೆಯ ಕ್ಷೇತ್ರಕ್ಕೆ ಅನುಗುಣವಾಗಿ ಕೊಟ್ಟದ್ದು. ಐದು ನಕ್ಷತ್ರದ ದೊಡ್ಡ ಟಿವಿ ಮೂರು ನಕ್ಷತ್ರದ ಚಿಕ್ಕ ಟಿವಿಗಿಂತ ಹೆಚ್ಚು ಯೂನಿಟ್ ಉಣ್ಣಬಹುದು. ಮೊದಲು ಗಾತ್ರವನ್ನು ನಿಶ್ಚಯಿಸಿಕೊಂಡು ಬಳಿಕ ನಕ್ಷತ್ರವನ್ನು ಎಣಿಸತಕ್ಕದ್ದು.

ಇಷ್ಟನ್ನು ಓದಿದವರು ಪುಸ್ತಕವನ್ನು ಮುಚ್ಚಿ ಒಂದು ಪ್ರಯೋಗವನ್ನು ಮಾಡಬೇಕೆಂದು ನನ್ನ ಬಿನ್ನಹ. ಮನೆಯ ವಿದ್ಯುತ್ ಮೀಟರಿನ ಮುಖದಲ್ಲಿ ಮಿಣುಕುವ ಪುಟ್ಟ ಕೆಂಪು ದೀಪವಿರುತ್ತದೆ; ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕೆಂಬ ಸಂಖ್ಯೆ, 3200 ಎಂದೋ ಮತ್ತೊಂದೋ, ಅಚ್ಚಾಗಿರುತ್ತದೆ. ಫ್ರಿಜ್ಜೂ ಸೇರಿದಂತೆ ಮಿಕ್ಕೆಲ್ಲವನ್ನೂ ಆರಿಸಿ ಟಿವಿಯೊಂದನ್ನೇ ಹಚ್ಚಿ, ಕೈಗಡಿಯಾರವನ್ನು ಹಿಡಿದು ಮೀಟರಿನ ಮುಂದೆ ನಿಲ್ಲಿ. 3200ರ ಮೀಟರಿನಲ್ಲಿ ನೂರು ವ್ಯಾಟಿನ ಟಿವಿಗೆ ಹನ್ನೊಂದು ಸೆಕೆಂಡು ದಾಟುತ್ತಿದ್ದಂತೆ ಒಂದು ಮಿಣುಕು ಬರಬೇಕು. ಆಮೇಲೆ ಮನೆಯ ಮಗುವಿನ ಕೈಗೆ ರಿಮೋಟು ಕೊಟ್ಟು ಪ್ರಖರತೆಯನ್ನು ಅರ್ಧಕ್ಕೆ ಇಳಿಸಲು ಹೇಳಿ, ಮುಂದಿನ ಮಿಣುಕಿಗಾಗಿ ಕಾಯಿರಿ.