‘ಸ್ಲೋ’ ನಿಲ್ಲದ ಎಂಜಿಬಿ, ಹಾಸನದ ಮಾವ

ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಒಂದೇ ಸಲಕ್ಕೆ ಎದ್ದುಕೊಳ್ಳುತ್ತಿತ್ತು. ಹತ್ತು ಮೈಲಿ ಓಡಿಸಿದರೂ ತಕರಾರಿರಲಿಲ್ಲ. ಇಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಲ್ಲಿಸಿದೆನೋ, ಆರ್‌ಪಿಎಂ ಮೀಟರಿನ ಮುಳ್ಳು 800ರಿಂದ 400ಕ್ಕೆ ಜಾರಿ, ಇಡೀ ಕಾರು ಗಡಗಡ ನಡುಗಿ, ಇಂಜಿನ್ ಬಂದ್. ಹಿಂದಿನ ಸಾಲಿನವರು ಹಾರ್ನ್ ಹೊಡೆಯಲಿಲ್ಲ, ಸುಮ್ಮನೆ ಕಾದರು. ಅದರಿಂದ ಸಂಕಟ ಇನ್ನೂ ಹೆಚ್ಚಾಯಿತು.

ನನ್ನದು 1967ರ ಎಂಜಿಬಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಜಿಟಿ ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಕಾರ್ಖಾನೆ ಮುಚ್ಚಿ ನಾಲ್ಕು ದಶಕ ಕಳೆದರೂ ನಾನಿರುವ ಬ್ರಿಟನ್ನಿನ ರಸ್ತೆಗಳಲ್ಲಿ ಅವು ಇನ್ನೂ ಓಡುತ್ತಿವೆ. ಮನೆಯವರೇ ಬಾನೆಟ್ ಎತ್ತಿ ರಿಪೇರಿ ಮಾಡಿಕೊಳ್ಳಬಹುದು ಎಂಬುದು ಅದಕ್ಕೊಂದು ದೊಡ್ಡ ಕಾರಣ. ನಾಲ್ಕು ಸ್ಪಾನರ್, ಒಂದು ಸ್ಕ್ರೂಡ್ರೈವರ್, ಒಂದು ಫೀಲರ್ ಗೇಜ್ ಇದ್ದರೆ ಬಹುಪಾಲು ಟ್ಯೂನಿಂಗ್ ಕೆಲಸ ಮುಗಿಯುತ್ತದೆ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಇಂಜಿನ್ ನಿಲ್ಲುತ್ತಿದೆ ಎಂದು ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ‘ಸ್ಲೋ’, ಅಂದರೆ ಕಾರು ನಿಂತಿರುವಾಗಿನ ಇಂಜಿನ್ ವೇಗ, ಏರಿಸಿದೆ. ಒಂದು ದಿನ ಸರಿಹೋದಂತಿತ್ತು. ಮರುದಿನ ಮುಳ್ಳು 1,200ರಲ್ಲಿ ಕೂತಿತು. ಇಳಿಸಿದರೆ ಮತ್ತೆ ಬಂದ್. ಎರಡು ವಾರ ಹೀಗೇ ಕಳೆಯಿತು.

ಒಂದೇ ಮನೆತನದ ಇಂಜಿನ್

ಕೊನೆಗೆ ಹಾಸನದಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದೆ. ಅವರು ಬೇಲೂರು, ಹಳೇಬೀಡು ದಾರಿಯಲ್ಲಿ ವರ್ಷಾನುಗಟ್ಟಲೆ ಪೆಟ್ರೋಲ್ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಎಂಜಿಬಿಯನ್ನು ಕಣ್ಣಿಂದ ನೋಡಿಲ್ಲ. ಆದರೆ ಅದರ ಇಂಜಿನ್ ಅವರಿಗೆ ಗೊತ್ತಿಲ್ಲದ್ದಲ್ಲ. ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಇಂಜಿನ್ 1489 ಸಿಸಿ ಅಳತೆಯಲ್ಲಿ ನಮ್ಮ ಅಂಬಾಸಡರಿಗೆ ಬಂತು. ಎಂಜಿಬಿಗಿಂತ ಮೊದಲಿನ ಎಂಜಿಎ ಸ್ಪೋರ್ಟ್ಸ್ ಕಾರು 1955ರಲ್ಲಿ ಶುರುವಾದದ್ದೂ ಅದೇ 1489 ಸಿಸಿ ಇಂಜಿನ್ನಿನಿಂದ. ಅದನ್ನೇ 1798 ಸಿಸಿಗೆ ಹಿಗ್ಗಿಸಿ ಎಂಜಿಬಿಗೆ ಕೂರಿಸಿದರು. ಅಂಬಾಸಡರಿನಲ್ಲಿ ಒಂದು ಎಸ್‌ಯು ಕಾರ್ಬೊರೇಟರ್, ಇದರಲ್ಲಿ ಎರಡು.

‘ಫೋನ್ ಕಾರ್ಬೊರೇಟರ್ ಹತ್ರ ಹಿಡಿ’ ಎಂದರು ಮಾವ. ಹಿಡಿದೆ. ಒಂದೆರಡು ನಿಮಿಷ ಮಾತಿಲ್ಲ.

‘ಬಿಸಿ ಆದ್ಮೇಲೆ ಚೋಕ್ ಒಂಚೂರು ಎಳೆದ್ರೆ ಸರಿ ಹೋಗುತ್ತಾ?’

ಎಳೆದು ನೋಡಿದೆ. ನಡುಕ ನಿಂತಿತು. ‘ಹೋಗುತ್ತೆ ಮಾವ.’

‘ಹಾಗಾದ್ರೆ ಎಲ್ಲೋ ಗಾಳಿ ಎಳೀತಿದೆ ಕಣೋ. ಸ್ಕ್ರೂ ಮುಟ್ಟಬೇಡ. ಮೊದ್ಲು ಟ್ಯಾಪೆಟ್, ಆಮೇಲೆ ಪಾಯಿಂಟ್, ಆಮೇಲೆ ಟೈಮಿಂಗ್. ಕಾರ್ಬೊರೇಟರ್ ಕೊನೇದು.’

ಮೊದಲು ಟ್ಯಾಪೆಟ್

ಈ ಅನುಕ್ರಮಕ್ಕೆ ಕಾರಣವಿದೆ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ಕಡಿಮೆಯಾದರೆ ಇಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಆ ಸಿಲಿಂಡರಿನ ಕಂಪ್ರೆಷನ್ ಸೋರಿಹೋಗುತ್ತದೆ. ನಾಲ್ಕರಲ್ಲಿ ಒಂದು ಸೋತರೆ ಯಾವ ಕಾರ್ಬೊರೇಟರೂ ಅದನ್ನು ಸರಿದೂಗಿಸಲಾರದು. ನನ್ನ ಕಾರಿಗೆ ಇಂಜಿನ್ ತಣ್ಣಗಿರುವಾಗ 0.38 ಮಿ.ಮೀ. ಗ್ಯಾಪ್ ಇರಬೇಕು. ವಾಲ್ವ್‌ಗಳು ಎಂಟು, ಲೆಕ್ಕ ಒಂಬತ್ತರದು: ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ನೋಡಬೇಕು, ಆರನೆಯದು ತೆರೆದಾಗ ಮೂರನೆಯದನ್ನು. ಕೂಡಿದರೆ ಯಾವಾಗಲೂ ಒಂಬತ್ತು. ನಾಲ್ಕನೆಯ ವಾಲ್ವ್ ಬಿಗಿಯಾಗಿತ್ತು, ಸರಿಮಾಡಿದೆ.

ಕರೆಂಟ್ ಕತ್ತರಿಸಿ ಕಿಡಿ ಹಾರಿಸುವ ಪಾಯಿಂಟ್ ಸೆಟ್ಟಿನ ಮುಖ ಸುಟ್ಟು ಗುಂಡಿ ಬಿದ್ದಿತ್ತು. ಹೊಸದು ಹಾಕಿ 0.35ರಿಂದ 0.40 ಮಿ.ಮೀ. ನಡುವೆ ಗ್ಯಾಪ್ ಇಟ್ಟೆ. ಪಾಯಿಂಟ್ ಗ್ಯಾಪ್ ಬದಲಾದರೆ ಕಿಡಿ ಹಾರುವ ಹೊತ್ತೂ ಬದಲಾಗುತ್ತದೆ. ಅದಕ್ಕೇ ಟೈಮಿಂಗ್ ನೋಡಬೇಕಾದದ್ದು ಅದರ ನಂತರ. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 10 ಡಿಗ್ರಿ ಮೊದಲೇ ಕಿಡಿ ಹಾರುವಂತೆ ಡಿಸ್ಟ್ರಿಬ್ಯೂಟರನ್ನು ಕೂರಿಸಿದೆ. ಪ್ಲಗ್‌ಗಳನ್ನು ಒರೆಸಿ 0.63 ಮಿ.ಮೀ. ಗ್ಯಾಪ್ ಕೊಟ್ಟೆ.

ಓಟ ಹಗುರಾಯಿತು, ಪಿಕಪ್ ಹೆಚ್ಚಿತು. ಆದರೂ ಬಿಸಿಯಾದ ಮೇಲೆ ‘ಸ್ಲೋ’ ನಿಲ್ಲಲಿಲ್ಲ.

ಗಾಳಿ ಸಿಕ್ಕ ಜಾಗ

ಉಳಿದದ್ದು ಎಸ್‌ಯು ಕಾರ್ಬೊರೇಟರ್. ಎಸ್‌ಯು ಎಂದರೆ ‘ಸ್ಕಿನ್ನರ್ಸ್ ಯೂನಿಯನ್’. ಪಾದರಕ್ಷೆ ವ್ಯಾಪಾರದ ಕುಟುಂಬದಲ್ಲಿ ಹುಟ್ಟಿದ ಹರ್ಬರ್ಟ್ ಸ್ಕಿನ್ನರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಕಾರ್ಬೊರೇಟರ್ ಇದು. ಮೊದಲ ಮಾದರಿಗಳಲ್ಲಿ ಚರ್ಮದ ತಿದಿಯಿತ್ತು. ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಇಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಅಷ್ಟು ಎತ್ತರಕ್ಕೆ ಪಿಸ್ಟನ್ ಏಳುತ್ತದೆ. ಅದಕ್ಕೆ ಅಂಟಿದ ಚೂಪು ಸೂಜಿಯೂ ಏಳುತ್ತದೆ. ಸೂಜಿ ಎದ್ದಷ್ಟೂ ಜೆಟ್ಟಿನ ಬಾಯಿ ಬಿಚ್ಚಿಕೊಂಡು ಪೆಟ್ರೋಲ್ ಹೆಚ್ಚು ಬರುತ್ತದೆ. ಇಷ್ಟು ಸರಳ ಯಂತ್ರ ಇಷ್ಟು ನಯವಾಗಿ ಕೆಲಸ ಮಾಡುವುದನ್ನು ಕಂಡಾಗಲೆಲ್ಲ ನನಗೆ ಮೈಮರೆತಂತಾಗುತ್ತದೆ.

ಈ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲಾದರೂ ನುಸುಳಿದರೆ ಮಿಶ್ರಣ ಕೆಡುತ್ತದೆ. ವೇಗದಲ್ಲಿ ಹೋಗುವಾಗ ಅದು ಗೊತ್ತಾಗುವುದಿಲ್ಲ. ಒಂದು ಚಮಚ ನೀರು ಒಂದು ಕೊಡ ಹಾಲಿಗೆ ಬಿದ್ದರೆ ಯಾರಿಗೂ ತಿಳಿಯದು, ಒಂದು ಲೋಟಕ್ಕೆ ಬಿದ್ದರೆ ನಾಲಿಗೆ ಹೇಳುತ್ತದೆ. ‘ಸ್ಲೋ’ ಎಂದರೆ ಆ ಒಂದು ಲೋಟ. ಇಂಜಿನ್ ತಣ್ಣಗಿದ್ದಾಗ ಚೋಕ್ ಹೆಚ್ಚು ಪೆಟ್ರೋಲ್ ಕೊಟ್ಟು ಆ ಕೊರತೆಯನ್ನು ಮುಚ್ಚಿಡುತ್ತಿತ್ತು. ಮಾವ ಚೋಕಿನ ಬಗ್ಗೆ ಕೇಳಿದ್ದು ಅದಕ್ಕೇ.

ಎಂಜಿಬಿಯಲ್ಲಿ ಕಾರ್ಬೊರೇಟರುಗಳ ಕೆಳಗೇ ಬಿಸಿ ಸೈಲೆನ್ಸರ್ ಪೈಪಿನ ಬುಡವಿದೆ. ಬೇಗ ಹೊತ್ತಿಕೊಳ್ಳುವ ಯಾವ ಸ್ಪ್ರೇಯನ್ನೂ ಅಲ್ಲಿ ಹೊಡೆಯಬಾರದು. ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಓಡುವ ಇಂಜಿನ್ನಿನ ಒಂದೊಂದು ಜೋಡಣೆಗೂ ತೆಳು ಎಣ್ಣೆಯ ಒಂದು ಹನಿ ಮುಟ್ಟಿಸುತ್ತ ಬಂದೆ. ಹಿಂದಿನ ಕಾರ್ಬೊರೇಟರಿನ ಥ್ರಾಟಲ್ ಸ್ಪಿಂಡಲ್ ತುದಿಗೆ ಹನಿ ತಾಗಿದ್ದೇ ತಡ, ಇಂಜಿನ್ ಸದ್ದು ಸಮವಾಯಿತು. ಎಣ್ಣೆ ಒಳಕ್ಕೆ ಹೋದ ಮೇಲೆ ಮತ್ತೆ ನಡುಕ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಿರುಗಿ ತಿರುಗಿ ಸ್ಪಿಂಡಲ್ ಸವೆದಿತ್ತು, ಅದರ ತೂತೂ ಅಗಲವಾಗಿತ್ತು.

ಕಿವಿಯ ಕೆಲಸ

ತೂತು ಕೊರೆದು ಬುಷ್ ಕೂರಿಸುವುದು ಲೇತ್ ಇದ್ದವರ ಕೆಲಸ. ಅದನ್ನು ಹೊರಗೆ ಮಾಡಿಸಿದೆ. ಮಿಕ್ಕದ್ದು ಮನೆಯಲ್ಲೇ. ಎರಡು ಕಾರ್ಬೊರೇಟರುಗಳನ್ನು ಜೋಡಿಸುವ ಕ್ಲ್ಯಾಂಪ್ ಸಡಿಲಿಸಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, ಎರಡರ ‘ಸುಸ್ಸ್’ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿದೆ. ಆಮೇಲೆ ಮಿಶ್ರಣ. ಪಕ್ಕದ ಪಿನ್ನಿನಿಂದ ಪಿಸ್ಟನ್ನನ್ನು 0.8 ಮಿ.ಮೀ. ಎತ್ತಬೇಕು. ಇಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ತಕ್ಷಣ ಸೋತರೆ ಕಡಿಮೆ, ಒಂದು ಕ್ಷಣ ಚೂರು ಏರಿ ಮತ್ತೆ ಸಮವಾದರೆ ಸರಿ. ಜೆಟ್ಟಿನ ನಟ್ಟಿಗೆ ಆರು ಮುಖ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಹಳೆಯ ಟ್ಯೂನಿಂಗ್ ಅಂಕಿಗಳನ್ನು ಈಗ ಕುರುಡಾಗಿ ನಂಬುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇದೆ. ಭಾರತದಲ್ಲಿ ಶೇ 20ರವರೆಗೆ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಹಳೆಯ ಸೆಟ್ಟಿಂಗಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪುಗಳೂ ಅದಕ್ಕೆ ಬೇಗ ಸೋಲುತ್ತವೆ. ಆದ್ದರಿಂದ ಪುಸ್ತಕದ ಅಂಕಿಯಿಂದ ಶುರುಮಾಡಿ, ಕೊನೆಯ ತೀರ್ಮಾನವನ್ನು ಕಿವಿಗೆ ಬಿಡಬೇಕು.

ಭಾನುವಾರ ಬೆಳಿಗ್ಗೆ ಹತ್ತು ಮೈಲಿ ಸುತ್ತಿ ಬಂದು ಮನೆ ಮುಂದೆ ನಿಲ್ಲಿಸಿದೆ. ಮುಳ್ಳು 750ರಲ್ಲಿ ಅಲುಗದೆ ನಿಂತಿತ್ತು. ಹಾಸನದಲ್ಲಿ ಮಧ್ಯಾಹ್ನದ ಊಟ ಮುಗಿದ ಹೊತ್ತು. ಫೋನ್ ಮಾಡಿ, ಮಾತಾಡದೆ ಇಂಜಿನ್ ಹತ್ತಿರ ಹಿಡಿದೆ.

‘ನಾಲ್ಕೂ ಒಂದೇ ಸಮ ಬರ್ತಿವೆ’ ಎಂದರು ಮಾವ. ಅವರ ಅಂಬಾಸಡರ್ ಮಾರಿ ಎಷ್ಟೋ ವರ್ಷವಾಗಿದೆ. ನಾನು ಕೀ ಕಡೆಗೆ ಕೈ ಚಾಚಿದೆ.

‘ಆಫ್ ಮಾಡಬೇಡ ಕಣೋ’ ಎಂದರು. ‘ಇನ್ನೊಂದು ನಿಮಿಷ ಅಲ್ಲೇ ಹಿಡ್ಕೊಂಡಿರು.’