ಮನೆಯಲ್ಲೇ ಕೇಕ್ ಮಿಕ್ಸ್: ಬಿಪಿ ಇದ್ದವರು ಓದಿ

ತುರ್ಭೆಯ ಎಪಿಎಂಸಿ ಮಾರ್ಕೆಟ್ ಪಕ್ಕದಲ್ಲೇ ಇರುವಾಗ ರೆಡಿ ಮಿಕ್ಸ್ ಯಾಕೆ? 4 ಕಪ್ ಗೋಧಿ ಹಿಟ್ಟು, 1 ಕಪ್ ರಾಗಿ ಹಿಟ್ಟು, 5 ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ, ಮೂರು ಸಲ ಜರಡಿ ಹಿಡಿದು, ಗಾಳಿಯಾಡದ ಡಬ್ಬಿಗೆ ತುಂಬಿ. ಕೇಕ್, ಮಫಿನ್, ಪ್ಯಾನ್‌ಕೇಕ್ ಎಲ್ಲಕ್ಕೂ ಆಗುತ್ತದೆ.

ಉಪ್ಪು ಮಾತ್ರ ಬೇಡವೇ ಬೇಡ. ಬೇಕಿಂಗ್ ಪೌಡರ್‌ನಲ್ಲಿರುವುದೂ ಸೋಡಾನೇ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿ.ಗ್ರಾಂ ಸೋಡಿಯಂ, ದಿನವಿಡೀ 2,000 ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇರುವವರು ಉಪ್ಪಿನಕಾಯಿ ಬಿಡುತ್ತಾರೆ, ಬಿಸ್ಕತ್ತು ಬಿಡುವುದಿಲ್ಲ! ಸಿಹಿಯಲ್ಲಿ ಸೋಡಿಯಂ ನಾಲಿಗೆಗೆ ಗೊತ್ತಾಗುವುದಿಲ್ಲ.

ವನಸ್ಪತಿ ಬೆರೆಸಿಡಬೇಡಿ, ಮಾಡುವಾಗ ಎಣ್ಣೆ ಹಾಕಿದರೆ ಸಾಕು. ಇಲ್ಲಿನ ಮಳೆಗಾಲದಲ್ಲಿ ಪೌಡರ್ ಬೇಗ ಕೆಡುತ್ತದೆ. ಬಿಸಿನೀರಿಗೆ ಚಿಟಿಕೆ ಹಾಕಿ, ನೊರೆ ಬಾರದಿದ್ದರೆ ಎಸೆಯಿರಿ.